ಕ್ಯಾರಿಯರ್ ಇಲ್ಲದ ಸ್ಕೂಟರಿನಲ್ಲಿ ಜೇನು ಸಾಗಣೆ: ಒಂದು ಪ್ರಕರಣ ಅಧ್ಯಯನ

ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ, ಕೆದಕಲ್ ದಾಟಿ ಬೋಯಿಕೇರಿಯ ಕಡೆಗೆ ಏರುವ ಒಂದು ತಿರುವಿನಲ್ಲಿ, ಮೇ ತಿಂಗಳ ಒಂದು ಶುಕ್ರವಾರ ಬೆಳಗ್ಗೆ ಗೇರ್‌ಲೆಸ್ ಸ್ಕೂಟರೊಂದು ಬಲಕ್ಕೆ ವಾಲಿ ಬಿತ್ತು. ಸ್ಕೂಟರ್ ಓಡಿಸುತ್ತಿದ್ದವರು ಮಡಿಕೇರಿಯ ಶುಕ್ರವಾರದ ಸಂತೆಗೆ ಜೇನು ಒಯ್ಯುತ್ತಿದ್ದ ನಮ್ಮ ಊರಿನ ಮಹಿಳೆ. ಹೆಸರು ಬರೆಯುವುದು ಬೇಡ ಎಂದು ಅವರು ಕೇಳಿಕೊಂಡಿದ್ದರಿಂದ, ಸಂತೆಯ ಗಿರಾಕಿಗಳು ಕರೆಯುವಂತೆ ಇಲ್ಲಿಯೂ ಅವರನ್ನು ಜೇನಕ್ಕ ಎಂದೇ ಕರೆಯುತ್ತೇನೆ. ಅಂಗೈ ತರಚಿದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. ಹಿಂದಿನಿಂದ ಬರುತ್ತಿದ್ದ ಪಿಕಪ್‌ನವನು ನಿಧಾನವಾಗಿಯೇ ಇದ್ದುದರಿಂದ ಬ್ರೇಕ್ ಹಾಕಿ ನಿಲ್ಲಿಸಲು ಅವನಿಗೆ ಸಾಧ್ಯವಾಯಿತು. ಆದರೆ ಸ್ಕೂಟರ್ ಬಿದ್ದದ್ದು ರಸ್ತೆಯ ಅಂಚಿನ ಕಡೆಗಲ್ಲ, ನಡುರಸ್ತೆಯ ಕಡೆಗೆ. ಆ ಕಾರಣಕ್ಕೇ ಈ ಪ್ರಕರಣವನ್ನು ‘ಏಳು ಬಾಟಲಿ ಒಡೆದವು’ ಎಂಬ ಮಾತಿನಲ್ಲಿ ಮುಗಿಸಿಬಿಡಲು ನನಗೆ ಮನಸ್ಸಾಗಲಿಲ್ಲ.

ನಾನು ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ಅಂದು ಮಧ್ಯಾಹ್ನ ಸ್ಕೂಟರನ್ನು ನಮ್ಮ ಅಂಗಳಕ್ಕೆ ತಳ್ಳಿಕೊಂಡು ಬಂದಾಗ ಅದರ ಬಲಬದಿಯ ಸೈಲೆನ್ಸರ್ ಮೇಲೆ ಜೇನು ಸುರಿದು, ಸುಟ್ಟು, ಕಪ್ಪು ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು. ಹಿಂದಿನ ಚಕ್ರದ ಸಂದುಗಳಲ್ಲಿ ಗಾಜಿನ ಚೂರುಗಳು ಅಂಟಿಕೊಂಡಿದ್ದವು. ಎರಡು ದಿನ ಕಳೆದರೂ ಮಡ್‌ಗಾರ್ಡಿನ ಒಳಗಿನಿಂದ ಇರುವೆಗಳ ಸಾಲು ನಿಂತಿರಲಿಲ್ಲ. ಆ ಎರಡು ದಿನಗಳಲ್ಲಿ ಸ್ಕೂಟರ್ ನೋಡಲು ಬಂದವರೆಲ್ಲ ಒಂದೇ ಪರಿಹಾರ ಹೇಳಿದರು: “ಹಿಂದೆ ಒಂದು ಕ್ಯಾರಿಯರ್ ಹಾಕಿಸಿಬಿಡಿ.” ಕ್ಯಾರಿಯರ್ ಇಲ್ಲದ್ದರಿಂದಲೇ ಬಿದ್ದದ್ದು ಎಂಬ ಈ ನಂಬಿಕೆ ಎಷ್ಟು ಸರಿ ಎಂದು ಪರೀಕ್ಷಿಸುವುದೇ ಈ ಅಧ್ಯಯನದ ಕೆಲಸವಾಯಿತು.

ಬೀಳುವ ಮೊದಲಿನ ಸ್ಥಿತಿ

ಸ್ಕೂಟರ್ 110 ಸಿಸಿಯ ಗೇರ್‌ಲೆಸ್ ಮಾದರಿಯದು, 2016ರಲ್ಲಿ ತಯಾರಾಗಿ ಎರಡನೆಯವರ ಕೈಗೆ ಬಂದದ್ದು. 125 ಸಿಸಿಯವರೆಗಿನ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎರಡೂ ಚಕ್ರಗಳ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಈ ಹಳೆಯ ಗಾಡಿಯಲ್ಲಿ ಅದು ಇಲ್ಲ. ಹಿಂದೆ ಕುಳಿತವರು ಹಿಡಿದುಕೊಳ್ಳುವ ಕಬ್ಬಿಣದ ಹಿಡಿ ಇದೆ, ಸೀಟಿನ ಕೆಳಗೆ ಡಿಕ್ಕಿ ಇದೆ, ಮುಂದೆ ಕೈಚೀಲ ತೂಗುಹಾಕುವ ಕೊಕ್ಕೆ ಇದೆ. ಸಾಮಾನು ಇಡಲೆಂದೇ ಮಾಡಿದ ಬೇರೆ ಯಾವ ಭಾಗವೂ ಇಲ್ಲ.

ಜೇನಕ್ಕನ ಬಳಿ ತುಡುವೆ ಜೇನಿನ ಕೆಲವು ಪೆಟ್ಟಿಗೆಗಳಿವೆ. ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಜೇನುತುಪ್ಪ ತೆಗೆಯುತ್ತಾರೆ. ಅಕ್ಕಪಕ್ಕದ ಎರಡು ಮೂರು ಮನೆಗಳ ತುಪ್ಪವನ್ನೂ ಅವರೇ ಸೋಸಿ, ಬಾಟಲಿಗೆ ತುಂಬಿ ಮಾರುತ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಕುಟುಂಬಗಳು ಸಾಲುಸಾಲಾಗಿ ನಾಶವಾದುದನ್ನು ಕಂಡ ಮನೆಗಳು ಇವು. ಪೆಟ್ಟಿಗೆಯಲ್ಲಿ ಮತ್ತೆ ಹುಳು ಕೂರಿಸಲು ಅವರಿಗೆ ವರ್ಷಗಳೇ ಹಿಡಿದವು. ಒಡೆದ ಏಳು ಬಾಟಲಿಗಳನ್ನು ಈ ಹಿನ್ನೆಲೆಯಲ್ಲಿ ಲೆಕ್ಕ ಹಾಕಬೇಕು.

ಆ ದಿನ ಗಾಡಿಯ ಮೇಲೆ ಇದ್ದದ್ದು ಇಷ್ಟು. ಅರ್ಧ ಕಿಲೋ ಜೇನಿನ 24 ಗಾಜಿನ ಬಾಟಲಿಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಬಾಟಲಿ, ಮುಚ್ಚಳ, ಜೇನು ಸೇರಿ ಒಂದೊಂದೂ 740 ಗ್ರಾಂ ತೂಗಿದ್ದರಿಂದ ಪೆಟ್ಟಿಗೆ ಸುಮಾರು 18 ಕಿಲೋ ಆಗಿತ್ತು. ಅದರ ಮೇಲೆ, ನಾಲ್ಕು ಲೀಟರ್ ಜೇನು ಇದ್ದ ಐದು ಲೀಟರಿನ ಕ್ಯಾನ್ ಇತ್ತು. ನೋಡುವವರಿಗೆ ಅದು ನಾಲ್ಕು ಕಿಲೋ ಎನಿಸಬಹುದು. ಆದರೆ ಜೇನು ನೀರಿಗಿಂತ ಹೆಚ್ಚುಕಡಿಮೆ 1.4 ಪಟ್ಟು ಭಾರ, ಹಾಗಾಗಿ ಕ್ಯಾನೂ ಸೇರಿ ಅದು 6 ಕಿಲೋ. ಈ 24 ಕಿಲೋ ಭಾರವನ್ನು ಸೀಟಿನ ಹಿಂಭಾಗದಲ್ಲಿಟ್ಟು, ಹಿಂದಿನ ಹಿಡಿಗೆ ಎರಡು ರಬ್ಬರ್ ಹಗ್ಗಗಳಿಂದ ಬಿಗಿಯಲಾಗಿತ್ತು. ಪೆಟ್ಟಿಗೆಯ ಕಾಲುಭಾಗ ಸೀಟನ್ನು ದಾಟಿ ಹಿಂದಿನ ದೀಪದ ಮೇಲೆ ಚಾಚಿಕೊಂಡಿತ್ತು. ಇದಲ್ಲದೆ ಕರಿಮೆಣಸಿನ 3 ಕಿಲೋದ ಬಟ್ಟೆಚೀಲವೊಂದು ಎಡಗಡೆಯ ಕನ್ನಡಿಯ ಕಂಬಕ್ಕೆ ಜೋತುಬಿದ್ದಿತ್ತು.

ಮನೆಯಿಂದ ಹೊರಟು ಮೊದಲ ನಾಲ್ಕೈದು ಕಿಲೋಮೀಟರ್ ಏನೂ ತೊಂದರೆಯಾಗಲಿಲ್ಲ. ತಿರುವಿನ ಏರಿನಲ್ಲಿ, ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಮುಂದಿದ್ದ ಲಾರಿ ನಿಂತಿತು. ಇವರೂ ಕಾಲೂರಿ ನಿಂತರು. ರಾತ್ರಿ ಬಿದ್ದ ಹನಿಮಳೆಗೆ ರಸ್ತೆ ಇನ್ನೂ ಒದ್ದೆಯಾಗಿತ್ತು. ಲಾರಿ ಹೊರಟ ಮೇಲೆ ಇವರು ಆಕ್ಸಿಲರೇಟರ್ ತಿರುಗಿಸಿದರು. ಮುಂದಿನದನ್ನು ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ: “ಹ್ಯಾಂಡಲ್ ಕೈಯಲ್ಲಿ ಇದ್ದ ಹಾಗೇ ಇರಲಿಲ್ಲ ಮೇಷ್ಟ್ರೆ. ಮುಂದಿನ ಚಕ್ರ ರೋಡಿಗೆ ತಾಗಿದೆಯೋ ಇಲ್ಲವೋ ಅನ್ನಿಸಿತು. ಬೆನ್ನ ಹಿಂದೆ ಪೆಟ್ಟಿಗೆ ಸರಕ್ ಅಂತ ಬಲಕ್ಕೆ ಹೋಯಿತು, ಅದರ ಹಿಂದೆ ನಾನೂ ಹೋದೆ.”

ತೂಕ ಎಲ್ಲಿ ಕೂತಿತ್ತು

ಈ ಹೇಳಿಕೆಯಲ್ಲಿ ಎರಡು ಬೇರೆ ಬೇರೆ ಘಟನೆಗಳಿವೆ: ಮುಂದಿನ ಚಕ್ರ ಹಗುರವಾದದ್ದು ಒಂದು, ಪೆಟ್ಟಿಗೆ ಜಾರಿದ್ದು ಇನ್ನೊಂದು. ಮೊದಲನೆಯದನ್ನು ಅಳೆದು ನೋಡಬಹುದಾಗಿತ್ತು. ಪರಿಚಯದವರ ಕಾಫಿ ಗೋದಾಮಿನಲ್ಲಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇತ್ತು. ಮುಂದಿನ ಚಕ್ರವನ್ನು ಅದರ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರಕ್ಕೆ ಹಲಗೆ ಜೋಡಿಸಿ, ಜೇನಕ್ಕನನ್ನು ಸೀಟಿನ ಮೇಲೆ ಕೂರಿಸಿ, ಇಬ್ಬರು ಎರಡು ಬದಿಯಿಂದ ಬೆರಳಷ್ಟೇ ತಾಗಿಸಿ ಹಿಡಿದು ತೂಕ ನೋಡಿದೆವು. ಬಳಿಕ ಗಾಡಿಯನ್ನು ತಿರುಗಿಸಿ ಹಿಂದಿನ ಚಕ್ರವನ್ನೂ ತೂಗಿದೆವು. ಸವಾರರು ಮಾತ್ರ ಇದ್ದಾಗ ಮುಂದಿನ ಚಕ್ರದ ಮೇಲೆ 64 ಕಿಲೋ, ಹಿಂದಿನದರ ಮೇಲೆ 103 ಕಿಲೋ ಬಂತು. ಗಾಡಿಯ ಮೇಲೆ ಇನ್ನೂ ಏನನ್ನೂ ಹೇರುವ ಮೊದಲೇ ಹಿಂದಿನ ಚಕ್ರ ಇಷ್ಟು ಹೆಚ್ಚು ಹೊತ್ತಿರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಈ ಬಗೆಯ ಸ್ಕೂಟರಿನಲ್ಲಿ ಎಂಜಿನ್ನೂ ಬೆಲ್ಟಿನ ಗೇರ್ ವ್ಯವಸ್ಥೆಯೂ ಒಂದೇ ಗಟ್ಟಿಯಾಗಿ ಹಿಂದಿನ ಚಕ್ರದ ಪಕ್ಕದಲ್ಲೇ ಇರುತ್ತವೆ, ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತವೆ.

ಆಮೇಲೆ ಆ ದಿನ ಇದ್ದಂತೆಯೇ 24 ಕಿಲೋ ಹೇರಿದೆವು. ಬಾಟಲಿಗಳಿಗೆ ಮೊದಲು ನೀರು ತುಂಬಿದ್ದೆವು, ತೂಕ ಸಾಲಲಿಲ್ಲ. ಆಗ ಮರಳು ತುಂಬಿ ಒಂದೊಂದನ್ನೂ 740 ಗ್ರಾಮಿಗೆ ಸರಿಮಾಡಿದೆವು. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೋಡಿದಾಗ ಹೊರೆಯ ನಡುಮಧ್ಯ ಹಿಂದಿನ ಚಕ್ರದ ಅಚ್ಚಿಗಿಂತ (ಆಕ್ಸಲ್) 210 ಮಿಲಿಮೀಟರ್ ಹಿಂದಕ್ಕೆ ಬಿದ್ದಿತ್ತು. ಗಾಡಿಯ ಎರಡು ಅಚ್ಚುಗಳ ನಡುವಿನ ಅಂತರ 1,260 ಮಿಲಿಮೀಟರ್. ಇಲ್ಲಿಂದ ಮುಂದಿನದು ಮಕ್ಕಳು ಆಡುವ ಏತಪಾತದ ಲೆಕ್ಕ, ಬೇರೇನಲ್ಲ: 24ನ್ನು 210ರಿಂದ ಗುಣಿಸಿ 1,260ರಿಂದ ಭಾಗಿಸಿದರೆ 4 ಬರುತ್ತದೆ. ಅಂದರೆ ಅಚ್ಚಿನ ಹಿಂದೆ ಕೂತ ಈ ಹೊರೆ ಮುಂದಿನ ಚಕ್ರವನ್ನು 4 ಕಿಲೋದಷ್ಟು ಮೇಲಕ್ಕೆತ್ತುತ್ತದೆ, ಹಿಂದಿನ ಚಕ್ರದ ಮೇಲೆ ತನ್ನ 24ರ ಬದಲು 28 ಕಿಲೋ ಹೇರುತ್ತದೆ. ತಕ್ಕಡಿಯೂ ಅದನ್ನೇ ಹೇಳಿತು: ಮುಂದೆ 60, ಹಿಂದೆ 131.

ನಾಲ್ಕು ಕಿಲೋ ಕಡಿಮೆಯಾದದ್ದಕ್ಕೆ ಗಾಡಿ ಬಿತ್ತೇ ಎಂದು ಗೋದಾಮಿನ ಹುಡುಗನೊಬ್ಬ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಸಮತಟ್ಟು ರಸ್ತೆಯಲ್ಲಿ ಆ ನಾಲ್ಕು ಕಿಲೋ ಕೈಗೆ ತಿಳಿಯುವುದೇ ಇಲ್ಲ. ಹೊರಟಾಗ ಎಲ್ಲ ಸರಿಯಿದೆ ಎಂದು ಜೇನಕ್ಕನಿಗೆ ಅನಿಸಿದ್ದೂ ಅದಕ್ಕೇ. ಆದರೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರದ ಕಡೆಯಿಂದ ಬರುವವರು 300 ಮೀಟರಿಗೂ ಹೆಚ್ಚು ಏರಬೇಕು. ಏರಿನಲ್ಲಿ ತೂಕ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಹೊರೆ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು ಸರಿಯುತ್ತದೆ. ಪೆಟ್ಟಿಗೆಯ ಮೇಲೆ ಕ್ಯಾನ್ ಇಟ್ಟದ್ದರ ತಪ್ಪು ಇಲ್ಲಿದೆ. ಪ್ರತಿ 100 ಮೀಟರಿಗೆ 8 ಮೀಟರ್ ಏರುವ ರಸ್ತೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಮುಂದಿನ ಚಕ್ರ ಇನ್ನೂ 8 ಕಿಲೋ ಕಳೆದುಕೊಳ್ಳುತ್ತದೆ. ನಿಂತಲ್ಲಿಂದ ಸ್ವಲ್ಪ ಜೋರಾಗಿ ಹೊರಟಾಗ ಮತ್ತೆ ಸುಮಾರು 10 ಕಿಲೋ ಹೋಗುತ್ತದೆ. ಹೀಗೆ ಸಮತಟ್ಟಿನಲ್ಲಿ ಹೊರೆಯಿಲ್ಲದೆ 64 ಕಿಲೋ ಇದ್ದ ಹಿಡಿತ, ಹೊರೆಯೊಂದಿಗೆ ಏರಿನಲ್ಲಿ ಹೊರಡುವ ಆ ಒಂದೆರಡು ಕ್ಷಣ 42 ಕಿಲೋಗೆ ಇಳಿದಿರುತ್ತದೆ. ಮೂರನೆಯ ಒಂದು ಭಾಗ ಇಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ “ಚಕ್ರ ತಾಗಿದೆಯೋ ಇಲ್ಲವೋ” ಎಂದು ಅನಿಸಿದ್ದಕ್ಕೆ ಇದೇ ಕಾರಣ. ಹ್ಯಾಂಡಲಿಗೆ ಜೋತುಬಿದ್ದ ಮೂರು ಕಿಲೋ ಮೆಣಸು ಆ ಹಗುರ ಚಕ್ರವನ್ನು ತನ್ನ ಪಾಡಿಗೆ ಎಡಕ್ಕೆ ಎಳೆಯುತ್ತಿತ್ತು, ಅವರು ಅದನ್ನು ಬಲಕ್ಕೆ ತಿದ್ದುತ್ತಿದ್ದರು.

ಎಲ್ಲರೂ ಹೇಳಿದ ಕ್ಯಾರಿಯರ್ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ? ಅಂಗಡಿಯಲ್ಲಿ ಸಿಗುವ ಕ್ಯಾರಿಯರನ್ನು ಹಿಂದಿನ ಹಿಡಿಯ ಬೋಲ್ಟುಗಳಿಗೇ ಕೂರಿಸುತ್ತಾರೆ. ಅದು ಸೀಟಿನ ಹಿಂದೆ ಚಾಚಿಕೊಳ್ಳುತ್ತದೆ. ಅಳತೆ ಹಿಡಿದು ನೋಡಿದಾಗ ಅದರ ಮೇಲಿಟ್ಟ ಪೆಟ್ಟಿಗೆಯ ನಡುಮಧ್ಯ ಅಚ್ಚಿನಿಂದ 350 ಮಿಲಿಮೀಟರ್ ಹಿಂದೆ ಬೀಳುತ್ತಿತ್ತು. ಆಗ ಮುಂದಿನ ಚಕ್ರ ಕಳೆದುಕೊಳ್ಳುವುದು 4 ಕಿಲೋ ಅಲ್ಲ, 6.7 ಕಿಲೋ. ಕ್ಯಾರಿಯರ್ ಇದ್ದಿದ್ದರೆ ಪೆಟ್ಟಿಗೆ ಜಾರುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಹ್ಯಾಂಡಲ್ ಇನ್ನಷ್ಟು ಹಗುರವಾಗುತ್ತಿತ್ತು. ಕ್ಯಾರಿಯರ್ ಎಂಬುದು ಒಂದು ಹೆಲ್ಮೆಟ್, ಒಂದು ಮಳೆಕೋಟು, ಒಂದು ಬ್ರೆಡ್ಡಿನ ಪೊಟ್ಟಣದಂಥ ಹಗುರ ಸಾಮಾನಿಗೆ ಒಳ್ಳೆಯದು. ಇಪ್ಪತ್ತು ಕಿಲೋ ಗಾಜನ್ನು ಘಟ್ಟದ ಏರಿನಲ್ಲಿ ಅದರ ಮೇಲೆ ಹೇರುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಹಾಗಾದರೆ 60 ಕಿಲೋದ ಮನುಷ್ಯ ಹಿಂದೆ ಕೂತಾಗ ಏಕೆ ಬೀಳುವುದಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಹಿಂಬದಿ ಸವಾರ ಕೂರುವುದು ಅಚ್ಚಿನ ಮುಂದೆ, ಅಥವಾ ಅದರ ನೇರಕ್ಕೆ. ಅವನು ಹಿಡಿಯನ್ನು ಹಿಡಿದುಕೊಂಡು ತನ್ನನ್ನು ತಾನೇ ಕಟ್ಟಿಕೊಂಡಿರುತ್ತಾನೆ, ತಿರುವಿನಲ್ಲಿ ಗಾಡಿಯ ಜೊತೆ ವಾಲುತ್ತಾನೆ, ಏರಿನಲ್ಲಿ ಮುಂದಕ್ಕೆ ಬಾಗುತ್ತಾನೆ. ಪೆಟ್ಟಿಗೆಗೆ ಇದು ಯಾವುದೂ ಬರುವುದಿಲ್ಲ, ಅದರ ಪರವಾಗಿ ನಾವೇ ಮಾಡಬೇಕು.

ಉಳಿದ ತಪ್ಪುಗಳು

ಹಿಂದಿನ ಟೈರಿನ ಗಾಳಿ 21 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇತ್ತು. ಒಬ್ಬರೇ ಇದ್ದಾಗ 29, ಇಬ್ಬರಿದ್ದಾಗ 36 ಇರಬೇಕು ಎಂದು ಗಾಡಿಯ ಪುಸ್ತಕ ಹೇಳುತ್ತದೆ. ಹಿಂದಿನ ಚಕ್ರಕ್ಕೆ 28 ಕಿಲೋ ಹೆಚ್ಚುವರಿ ಹೇರುವ ದಿನ ಇಬ್ಬರ ಲೆಕ್ಕದ ಗಾಳಿಯೇ ಬೇಕು. ಇಲ್ಲದಿದ್ದರೆ ಟೈರಿನ ಪಕ್ಕಗೋಡೆ ಪ್ರತಿ ತಿರುವಿನಲ್ಲಿ ಬಾಗಿ, ಗಾಡಿಯ ಹಿಂಭಾಗ ಬಾಲ ಆಡಿಸಿದಂತೆ ಆಗುತ್ತದೆ. ಜೇನಕ್ಕ ಗಾಳಿ ನೋಡಿಸಿ ಎರಡು ತಿಂಗಳಾಗಿತ್ತು. ಟೈರ್ ಚಪ್ಪಟೆಯಾಗಿ ಕಾಣದಿದ್ದರೆ ಗಾಳಿ ಇದೆ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿಯುತ್ತಾರೆ.

ಪೆಟ್ಟಿಗೆ ಜಾರಿದ್ದಕ್ಕೆ ಕಾರಣ ರಬ್ಬರ್ ಹಗ್ಗ. ಅದು ಕಟ್ಟುವಾಗ ಬಿಗಿಯಾಗಿದೆ ಎನಿಸುತ್ತದೆ, ಆದರೆ ಹಿಗ್ಗುವುದು ಅದರ ಗುಣ. ಗುಂಡಿಗೆ ಚಕ್ರ ಇಳಿದಾಗ ಪೆಟ್ಟಿಗೆ ಸೀಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ, ಹಗ್ಗ ಅದಕ್ಕೆ ಅವಕಾಶ ಕೊಡುತ್ತದೆ, ಪೆಟ್ಟಿಗೆ ಪ್ರತಿ ಸಲವೂ ಸ್ವಲ್ಪ ಬೇರೆ ಜಾಗದಲ್ಲಿ ಕೂರುತ್ತದೆ. ಸೀಟಿನ ಹೊದಿಕೆ ನುಣುಪಾದದ್ದು, ರಟ್ಟು ಅದರ ಮೇಲೆ ಸುಲಭವಾಗಿ ಜಾರುತ್ತದೆ. ಕ್ಯಾನಿನಲ್ಲಿ ಖಾಲಿ ಉಳಿದಿದ್ದ ಒಂದು ಲೀಟರ್ ಜಾಗದಲ್ಲಿ ಜೇನು ನಿಧಾನವಾಗಿ ವಾಲಾಡುತ್ತಿತ್ತು ಎಂಬುದನ್ನೂ ಸೇರಿಸಬೇಕು. ಪೂರ್ತಿ ತುಂಬಿದ ಪಾತ್ರೆಗಿಂತ ಮುಕ್ಕಾಲು ತುಂಬಿದ ಪಾತ್ರೆ ಗಾಡಿಗೆ ಕಷ್ಟ.

ಹಿಂದಿನ ದೀಪ ಮುಚ್ಚಿಹೋಗಿತ್ತು ಎಂಬುದು ಬೀಳಲು ಕಾರಣವಲ್ಲ. ಆದರೆ ಬಿದ್ದ ಮೇಲೆ ಏನಾಗಬಹುದಿತ್ತು ಎಂಬುದಕ್ಕೆ ಅದು ಸಂಬಂಧಿಸಿದೆ. ಮಂಜು ಕವಿದ ಬೆಳಗಿನಲ್ಲಿ ಮಡಿಕೇರಿ ರಸ್ತೆಯಲ್ಲಿ ಹಿಂದಿನವರಿಗೆ ನಾವು ಕಾಣುವುದೇ ಆ ದೀಪದಿಂದ. ದ್ವಿಚಕ್ರ ವಾಹನಕ್ಕೆ ಸಾಮಾನಿನ ಹಗುರ ಪೆಟ್ಟಿಗೆ ಕೂರಿಸುವ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಮಾಡಿದೆ: ಪೆಟ್ಟಿಗೆಯ ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು, ಪೆಟ್ಟಿಗೆ ಹಿಂಬದಿ ಸವಾರನ ಜಾಗದಲ್ಲಿದ್ದರೆ ಚಾಲಕರೊಬ್ಬರೇ ಇರಬೇಕು. ಜೇನಕ್ಕನ ಪೆಟ್ಟಿಗೆ ಈ ಅಳತೆಗಿಂತ ಚಿಕ್ಕದೇ ಆಗಿತ್ತು. ಅಳತೆ ಸರಿಯಿದ್ದ ಮಾತ್ರಕ್ಕೆ ಹೊರೆ ಸರಿಯಿರುತ್ತದೆ ಎಂದಲ್ಲ.

ಮಾಡಿದ ಬದಲಾವಣೆ

ಮೊದಲು ಮಾಡಿದ್ದು ಹೊರೆ ಕಡಿಮೆ ಮಾಡುವ ಕೆಲಸ. ಆರು ಕಿಲೋದ ಕ್ಯಾನ್ ಸ್ಕೂಟರಿನ ಮೇಲೆ ಹೋಗಲೇಬೇಕೆ ಎಂದು ಕೇಳಿದೆ. ಅದು ಮಡಿಕೇರಿಯ ಒಂದೇ ಅಂಗಡಿಗೆ ಹೋಗುವ ಮಾಲು. ಮನೆಯೆದುರು ಹಾದುಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅಂಗಡಿಯವರು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾರೆ. ಬಸ್ಸಿಗೆ ಲಗೇಜು ಕೊಡುವುದು ಕೊಡಗಿನಲ್ಲಿ ಹೊಸದೇನೂ ಅಲ್ಲ. ಸ್ಕೂಟರ್ ಬಂದ ಮೇಲೆ ಆ ರೂಢಿಯನ್ನು ಮರೆತಿದ್ದೆವು, ಅಷ್ಟೆ.

ಉಳಿದ 24 ಬಾಟಲಿಗಳನ್ನು ಅಚ್ಚಿನ ಮುಂದಕ್ಕೆ, ಸಾಧ್ಯವಾದಷ್ಟು ಕೆಳಕ್ಕೆ ತರಬೇಕಾಗಿತ್ತು. ಅದಕ್ಕೆ ಇರುವ ಒಳ್ಳೆಯ ಜಾಗ ಕಾಲಿಡುವ ಫುಟ್‌ಬೋರ್ಡ್. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಹಿಂಡಿ ಚೀಲಗಳನ್ನು ಜನ ಅಲ್ಲಿಯೇ ಇಡುವುದು ಅನುಭವದಿಂದ ಕಲಿತದ್ದು. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಮೊಪೆಡ್ಡೂ ಅದರ ನಂತರದ ಎಕ್ಸ್‌ಎಲ್ ಗಾಡಿಗಳೂ ಹಳ್ಳಿಗಳಲ್ಲಿ ಹೊರೆಗಾಡಿಗಳಾಗಿ ನಿಂತದ್ದರಲ್ಲಿ, ಹೊರೆಯನ್ನು ಎರಡು ಚಕ್ರಗಳ ನಡುವೆ ತಗ್ಗಾಗಿ ಇಡಬಹುದು ಎಂಬ ಅಂಶದ ಪಾಲು ದೊಡ್ಡದು.

ಆದರೆ ಫುಟ್‌ಬೋರ್ಡ್ ಎಂದರೆ ಕಾಲಿನ ಜಾಗ. ನಮ್ಮ ಮೊದಲ ಪ್ರಯತ್ನ ಇಲ್ಲಿಯೇ ಸೋತಿತು. ತರಕಾರಿಯ ಪ್ಲಾಸ್ಟಿಕ್ ಕ್ರೇಟನ್ನು ಅಲ್ಲಿಟ್ಟಾಗ ಜೇನಕ್ಕನ ಎರಡೂ ಪಾದಗಳು ಹೊರಗೆ ಚಾಚಿಕೊಂಡವು. ಹೀಗೆ ಕಾಲು ಹೊರಗಿಟ್ಟು ಓಡಿಸುವವರನ್ನು ದಿನವೂ ನೋಡುತ್ತೇವೆ. ಇಕ್ಕಟ್ಟು ರಸ್ತೆಯಲ್ಲಿ ಎದುರಿನ ಜೀಪಿನ ಬಂಪರಿಗೆ ಆ ಕಾಲು ಎಷ್ಟು ಹತ್ತಿರ ಎಂಬುದನ್ನೂ ನೋಡುತ್ತೇವೆ. ಅದನ್ನು ಒಪ್ಪಲು ನಾನು ಸಿದ್ಧನಿರಲಿಲ್ಲ. ಆದ್ದರಿಂದ ಪೆಟ್ಟಿಗೆಯ ಅಳತೆಯನ್ನು ಪಾದದಿಂದ ಆರಂಭಿಸಿದೆವು. ಫುಟ್‌ಬೋರ್ಡಿನ ಅಗಲ ನಾವು ಅಳೆದಂತೆ 400 ಮಿಲಿಮೀಟರ್. ಚಪ್ಪಲಿಯ ಸಮೇತ ಪಾದ ಪೂರ್ತಿ ಒಳಗಿರಲು ಒಂದೊಂದು ಬದಿಗೆ 110 ಬಿಟ್ಟರೆ ನಡುವೆ ಉಳಿದದ್ದು 180. ಬಾಟಲಿಯ ಅಗಲ 75. ಹಾಗಾಗಿ ಅಡ್ಡಕ್ಕೆ ಎರಡು, ಉದ್ದಕ್ಕೆ ನಾಲ್ಕು, ಹೀಗೆ ಎಂಟು ಬಾಟಲಿಯ ಒಂದು ಅಂತಸ್ತು, ಅದರ ಮೇಲೆ ಇನ್ನೊಂದು ಅಂತಸ್ತು. ಊರಿನ ಬಡಗಿ ಸಿಲ್ವರ್ ಓಕ್ ಹಲಗೆಯ ತುಂಡುಗಳಿಂದ ಈ ಪೆಟ್ಟಿಗೆ ಮಾಡಿಕೊಟ್ಟರು. ಪ್ರತಿ ಬಾಟಲಿಗೂ ರಟ್ಟಿನ ಗೂಡು, ಎರಡು ಅಂತಸ್ತಿನ ನಡುವೆ ಹಳೆಯ ಗೋಣಿಯ ಮಡಿಕೆ, ಮೇಲೆ ಮುಚ್ಚಳ. ಹದಿನಾರು ಬಾಟಲಿ ತುಂಬಿದಾಗ ಪೆಟ್ಟಿಗೆ ಸೇರಿ 13.2 ಕಿಲೋ.

ಇನ್ನುಳಿದ ಎಂಟು ಬಾಟಲಿ ಡಿಕ್ಕಿಗೆ ಹೋಗಲಿ ಎಂದೆ. ಜೇನಕ್ಕ ಒಪ್ಪಲಿಲ್ಲ. “ಡಿಕ್ಕಿ ಬೆಚ್ಚಗಾಗುತ್ತದೆ ಮೇಷ್ಟ್ರೆ, ತುಪ್ಪವನ್ನು ಅಲ್ಲಿ ಇಡುವುದಿಲ್ಲ” ಎಂದರು. ಅವರ ಮಾತು ಸರಿ: ಡಿಕ್ಕಿಯ ಕೆಳಗೇ ಎಂಜಿನ್ ಇದೆ, ಶಾಖ ಜೇನಿನ ಗುಣಕ್ಕೆ ಒಳ್ಳೆಯದಲ್ಲ. ಹಾಗಾಗಿ ಹ್ಯಾಂಡಲಿನ ಮೆಣಸಿನ ಚೀಲ ಡಿಕ್ಕಿಗೆ ಇಳಿಯಿತು, ಎಂಟು ಬಾಟಲಿಗಳು ದಪ್ಪ ಬಟ್ಟೆಯ ತಗ್ಗು ಚೀಲದಲ್ಲಿ ಸೀಟಿನ ಮೇಲೆ, ಸವಾರರ ಬೆನ್ನಿಗೆ ಒತ್ತಿಕೊಂಡಂತೆ, ಅಚ್ಚಿಗಿಂತ 210 ಮಿಲಿಮೀಟರ್ ಮುಂದೆ ಕೂತವು.

ಕಟ್ಟಲು ರಬ್ಬರ್ ಹಗ್ಗ ಬಿಟ್ಟು ಮಂಚದ ನವಾರು ಪಟ್ಟಿ ತಂದು, ಅದಕ್ಕೆ ಹಲ್ಲಿರುವ ಬಕಲ್ ಹೊಲಿಸಿದೆವು. ಎಲ್ಲಿಗೆ ಕಟ್ಟುವುದು ಎಂಬುದು ಎಷ್ಟು ಬಿಗಿಯಾಗಿ ಕಟ್ಟುವುದು ಎಂಬುದಕ್ಕಿಂತ ಮುಖ್ಯ. ಸ್ಕೂಟರಿನ ಹೊರಮೈಯ ಬಹುಭಾಗ ಪ್ಲಾಸ್ಟಿಕ್ ಅಥವಾ ತೆಳು ತಗಡು. ಅದಕ್ಕೆ ಬಿಗಿದರೆ ಅದೇ ಕಿತ್ತುಬರುತ್ತದೆ. ಸೀಟಿನ ಚೀಲದ ಪಟ್ಟಿ ಹಿಂದಿನ ಹಿಡಿಗೂ, ಹಿಂಬದಿ ಸವಾರನ ಕಾಲೂರುವ ಕಬ್ಬಿಣಕ್ಕೂ ಹೋಯಿತು. ಫುಟ್‌ಬೋರ್ಡಿನ ಪೆಟ್ಟಿಗೆಯ ಪಟ್ಟಿ ಕೆಳಗಿನ ಚಾಸಿ ಪೈಪನ್ನು ಸುತ್ತಿ ಬಂತು. ಹಾಗೆ ಸುತ್ತುವಾಗ ಪಕ್ಕದಲ್ಲಿ ಹಾದುಹೋಗುವ ಬ್ರೇಕ್ ಕೇಬಲ್ ಪಟ್ಟಿಯೊಳಗೆ ಸಿಕ್ಕದಂತೆ ಕೈಬೆರಳು ಹಾಕಿ ನೋಡಬೇಕು. ಪೆಟ್ಟಿಗೆಯ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಮೊಳೆ ಹೊಡೆದು ಕೂರಿಸಿದ್ದರಿಂದ ಅದು ಒದ್ದೆಯಲ್ಲಿಯೂ ಜಾರುವುದಿಲ್ಲ.

ಮತ್ತೆ ತಕ್ಕಡಿ

ಅದೇ ಗೋದಾಮು, ಅದೇ ಹಲಗೆಗಳು. ಹೊರೆ ಈಗ ಒಟ್ಟು 22.4 ಕಿಲೋ, ಹಿಂದಿನದಕ್ಕಿಂತ ಬಹಳ ಕಡಿಮೆಯೇನಲ್ಲ. ಮುಂದಿನ ಚಕ್ರದ ಮೇಲೆ 74, ಹಿಂದಿನದರ ಮೇಲೆ 115 ಕಿಲೋ ಬಂತು. ಹೊರೆ ಹೇರಿದಾಗ 60ಕ್ಕೆ ಇಳಿದಿದ್ದ ಮುಂಭಾಗ ಈಗ ಹೊರೆಯಿಲ್ಲದ 64ನ್ನೂ ದಾಟಿತ್ತು. ಮೊದಲಿನ ಏರಿನ ಲೆಕ್ಕವನ್ನೇ ಇಲ್ಲಿಯೂ ಹಾಕಿದರೆ, ಹೊರೆ ತಗ್ಗಿನಲ್ಲಿರುವುದರಿಂದ ಕಳೆದುಹೋಗುವುದು 18 ಅಲ್ಲ, ಸುಮಾರು 16 ಕಿಲೋ; ಹೊರಡುವ ಕ್ಷಣದಲ್ಲಿ ಮುಂದಿನ ಚಕ್ರದ ಮೇಲೆ 42ರ ಬದಲು 58 ಕಿಲೋ ಉಳಿಯುತ್ತದೆ.

ಲೆಕ್ಕ ಸರಿಬಂದಿತೆಂದು ನೇರವಾಗಿ ಹೆದ್ದಾರಿಗೆ ಬಿಡಲಿಲ್ಲ. ಮರಳಿನ ಬಾಟಲಿಗಳನ್ನೇ ತುಂಬಿ, ತೋಟದ ಒಳರಸ್ತೆಯ ಏರಿನಲ್ಲಿ ನಿಲ್ಲಿಸಿ ಹೊರಡಿಸುವುದನ್ನು ಹತ್ತು ಹನ್ನೆರಡು ಸಲ ಮಾಡಿಸಿದೆ. ಮೂರನೆಯ ಸಲ ಒಂದು ದೋಷ ಕಂಡಿತು: ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಅವರ ಮೊಣಕಾಲು ಪೆಟ್ಟಿಗೆಯ ಮುಚ್ಚಳದ ಮೂಲೆಗೆ ತಾಗುತ್ತಿತ್ತು. ಬಡಗಿ ಆ ಮೂಲೆಯನ್ನು ಉಳಿಯಿಂದ ಸವರಿ ಗುಂಡಗೆ ಮಾಡಿದರು. ಇಳಿಜಾರಿನಲ್ಲಿಯೂ ಓಡಿಸಿ ನೋಡಿದೆವು. ಗಾಡಿಯ ಎರಡು ಬ್ರೇಕುಗಳು ಬೇರೆ ಬೇರೆ ಇರುವುದರಿಂದ, ಹಿಂದಿನದನ್ನು ಮಾತ್ರ ಹಿಡಿಯುವ ಅವರ ಹಳೆಯ ಅಭ್ಯಾಸ ಬಿಡಿಸಲು ಹೆಚ್ಚು ಸಮಯ ಹಿಡಿಯಿತು. ಹೊರೆ ಇದ್ದಾಗ ನಿಲ್ಲಲು ಮೊದಲಿಗಿಂತ ಹೆಚ್ಚು ದೂರ ಬೇಕು, ಮುಂದಿನ ಬ್ರೇಕನ್ನು ಮೆಲ್ಲಗೆ ಜೊತೆಗೂಡಿಸಬೇಕು ಎಂಬುದು ಮಾತಿನಲ್ಲಿ ಹೇಳಿದ್ದಕ್ಕಿಂತ ನಾಲ್ಕು ಸಲ ಮಾಡಿದಾಗ ಅವರಿಗೆ ತಿಳಿಯಿತು.

ಬಳಿಕದ ಶುಕ್ರವಾರ ಅವರು ಮಡಿಕೇರಿಗೆ ಹೋಗುವಾಗ ನಾನು ಹಿಂದಿನಿಂದ ನನ್ನ ಬೈಕಿನಲ್ಲಿ ಹೋದೆ. ಅದೇ ತಿರುವಿನಲ್ಲಿ, ಲಾರಿ ಇಲ್ಲದಿದ್ದರೂ, ಎಡಕ್ಕೆ ಸರಿದು ನಿಂತು ಮತ್ತೆ ಹೊರಡಲು ಹೇಳಿದ್ದೆ. ಗಾಡಿ ಗೆರೆ ಎಳೆದಂತೆ ಏರಿತು. ಹಿಂದಿನ ದೀಪ ನನಗೆ ಪೂರ್ತಿ ಕಾಣುತ್ತಿತ್ತು.

ಬಗೆಹರಿಯದೆ ಉಳಿದದ್ದು ಮಳೆಗಾಲ. ಜೂನ್‌ನಲ್ಲಿ ಮುಂಗಾರು ಹಿಡಿಯಿತೆಂದರೆ ಮಳೆಕೋಟಿನ ಅಂಚು ಪೆಟ್ಟಿಗೆಯ ಮೇಲೆ ಬಿದ್ದು ಸಿಕ್ಕಿಕೊಳ್ಳುತ್ತದೆ, ಒದ್ದೆ ಚಪ್ಪಲಿಗೆ 110 ಮಿಲಿಮೀಟರ್ ಜಾಗ ಸಾಲದು. ಪೆಟ್ಟಿಗೆಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಉಬ್ಬಿ ಕಾಲಿಗೆ ಬಡಿಯುತ್ತದೆ. ಆ ತಿಂಗಳುಗಳಲ್ಲಿ ಮಾಲು ಪೂರ್ತಿ ಬಸ್ಸಿನಲ್ಲಿಯೇ ಹೋಗಲಿ ಎಂದು ನಾನು ಹೇಳಿದ್ದೇನೆ. ಎಂಟು ಬಾಟಲಿಯ ಒಂದು ಅಂತಸ್ತನ್ನಾದರೂ ಒಯ್ಯಬಹುದು ಎಂಬುದು ಅವರ ವಾದ. ಜೋರು ಮಳೆಯಿಲ್ಲದ ದಿನ ನೋಡಿಕೊಂಡು ಇನ್ನೊಮ್ಮೆ ತೋಟದ ರಸ್ತೆಯಲ್ಲಿ ಪರೀಕ್ಷಿಸುವುದೆಂದು ಮಾತಾಗಿದೆ.

ಮೇ ತಿಂಗಳ ಕೊನೆಯ ಸಂತೆಯ ಹಿಂದಿನ ಸಂಜೆ ನಾನು ಅವರ ಮನೆಯಲ್ಲಿದ್ದಾಗ ಪಕ್ಕದ ತೋಟದವರು ಬಂದು, ತಮ್ಮ ಹತ್ತು ಬಾಟಲಿಗಳನ್ನೂ ಹೇಗಾದರೂ ಮಾಡಿ ಒಯ್ಯಬೇಕೆಂದು ಕೇಳಿದರು. ಮೊದಲಾಗಿದ್ದರೆ ರಟ್ಟಿನ ಪೆಟ್ಟಿಗೆಯ ಮೇಲೆ ಇನ್ನೊಂದು ರಟ್ಟಿನ ಪೆಟ್ಟಿಗೆ ಏರುತ್ತಿತ್ತು. ಜೇನಕ್ಕ ಜಗಲಿಯಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ತೆಗೆದು, ತುಂಬಿದ ಹದಿನಾರು ಗೂಡುಗಳನ್ನು ತೋರಿಸಿ, “ಗೂಡು ಖಾಲಿ ಇಲ್ಲ ಅಣ್ಣ. ಬೆಳಗ್ಗೆ ಏಳು ಗಂಟೆಯ ಬಸ್ಸಿಗೆ ಕೊಡಿ, ನಾನು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತೇನೆ” ಎಂದರು.